ಪೆಟ್ಟಿಗೆಯಲ್ಲಿ ಬರುವ ಸ್ಪೋರ್ಟ್ಸ್ ಕಾರು

ಹೊಸ ಸೈಕಲ್ಲನ್ನು ಅಂಗಡಿಯವರು ಜೋಡಿಸುವುದನ್ನು ನೀವು ನೋಡಿರಬಹುದು. ರಟ್ಟಿನ ಹೊದಿಕೆಯೊಳಗಿನಿಂದ ಫ್ರೇಮು, ಹ್ಯಾಂಡಲ್, ಪೆಡಲ್, ಮಡ್‌ಗಾರ್ಡು ಒಂದೊಂದಾಗಿ ಹೊರಬರುತ್ತವೆ. ಸ್ಪ್ಯಾನರ್ ಹಿಡಿದ ಹುಡುಗನೊಬ್ಬ ಒಂದು ಗಂಟೆಯೊಳಗೆ ಅದನ್ನು ಸೈಕಲ್ ಮಾಡಿ ನಿಮ್ಮ ಕೈಗಿಡುತ್ತಾನೆ. ಕಾರನ್ನೂ ಹೀಗೆಯೇ ಜೋಡಿಸಲು ಸಾಧ್ಯವೆ? ಅದೂ ಕಾರ್ಖಾನೆಯಲ್ಲಲ್ಲ, ಮನೆಯ ಪಕ್ಕದ ಷೆಡ್ಡಿನಲ್ಲಿ, ಅಪ್ಪ, ಅಮ್ಮ, ಮಕ್ಕಳು ಸೇರಿಕೊಂಡು?

ಸಾಧ್ಯ. ಇಂಗ್ಲೆಂಡಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಜನ ಇದನ್ನು ಮಾಡುತ್ತ ಬಂದಿದ್ದಾರೆ. ಹೀಗೆ ಬಿಡಿ ಭಾಗಗಳ ರೂಪದಲ್ಲಿ ಕೊಂಡು, ಕೊಂಡವರೇ ಜೋಡಿಸಿಕೊಳ್ಳುವ ಕಾರಿಗೆ ಕಿಟ್ ಕಾರು ಎಂದು ಹೆಸರು. ಕಾರುಗಳ ಬಗ್ಗೆ ದೂರದರ್ಶನದಲ್ಲಿ ನೀವು ಎಷ್ಟೋ ಕಾರ್ಯಕ್ರಮಗಳನ್ನು ನೋಡಿರುತ್ತೀರಿ. ಪರದೆಯ ಮೇಲೆ ಓಡುವ ಕಾರನ್ನು ತೋರಿಸುವುದು ಸುಲಭ. ಅದು ಏಕೆ ಓಡುತ್ತದೆ, ಅದಕ್ಕಿಂತ ಮುಖ್ಯವಾಗಿ ಬೇಕೆಂದಾಗ ಹೇಗೆ ನಿಲ್ಲುತ್ತದೆ ಎಂಬುದನ್ನು ತೋರಿಸುವುದು ಕಷ್ಟ. ಆ ಕೆಲಸಕ್ಕೆ ಅಚ್ಚಾದ ಪುಟವೇ ವಾಸಿ. ಪಕ್ಕದಲ್ಲಿ ಒಂದು ಪೆನ್ಸಿಲ್ಲು, ಒಂದು ಹಾಳೆ ಇಟ್ಟುಕೊಳ್ಳಿ. ಮುಂದೆ ಒಂದೆರಡು ಲೆಕ್ಕಗಳಿವೆ.

ತೆರಿಗೆಯಿಂದ ಹುಟ್ಟಿದ ಕಾರು

ಈ ಕತೆಯ ಮುಖ್ಯ ವ್ಯಕ್ತಿ ಕಾಲಿನ್ ಚಾಪ್ಮನ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಆತ ಓದಿದ್ದು ಕಟ್ಟಡ, ಸೇತುವೆಗಳ ರಚನೆಗೆ ಸಂಬಂಧಿಸಿದ ಎಂಜಿನಿಯರಿಂಗ್. ಮೋಟಾರು ಎಂಜಿನಿಯರಿಂಗ್ ಅಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. 1948ರಲ್ಲಿ, ಇನ್ನೂ ಇಪ್ಪತ್ತರ ಹುಡುಗನಾಗಿದ್ದಾಗ, ಆತ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ ಅದರಿಂದ ತನ್ನದೇ ಒಂದು ಸ್ಪರ್ಧೆಯ ಕಾರನ್ನು ಕಟ್ಟಿದ. ಕೆಲಸ ನಡೆದದ್ದು ತನ್ನ ಗೆಳತಿ ಹೇಜಲ್‌ಳ ತಂದೆತಾಯಿಯ ಮನೆಯ ಹಿಂದಿನ ಷೆಡ್ಡಿನಲ್ಲಿ. 1952ರಲ್ಲಿ ಲೋಟಸ್ ಎಂಜಿನಿಯರಿಂಗ್ ಎಂಬ ಪುಟ್ಟ ಸಂಸ್ಥೆ ಆರಂಭವಾದಾಗ ಅದರ ಬಂಡವಾಳ ಹೇಜಲ್ ಕೊಟ್ಟ 25 ಪೌಂಡ್ ಸಾಲ. ಮುಂದೆ ಇಬ್ಬರೂ ಮದುವೆಯಾದರು. ಜಗತ್ತಿನ ಮೋಟಾರು ಸ್ಪರ್ಧೆಗಳಲ್ಲಿ ದೊಡ್ಡ ಹೆಸರು ಮಾಡಿದ ಲೋಟಸ್ ಕಂಪನಿಯ ಬೇರು ಮನೆಯವರ ಷೆಡ್ಡಿನಲ್ಲಿ, ಮನೆಯವರ ದುಡ್ಡಿನಲ್ಲಿ ಇದೆ ಎಂದರೆ ತಪ್ಪಾಗಲಾರದು.

1957ರಲ್ಲಿ ಚಾಪ್ಮನ್ ಲೋಟಸ್ ಸೆವೆನ್ ಎಂಬ ಎರಡೇ ಆಸನದ ಕಾರನ್ನು ಹೊರತಂದ. ಬಾಗಿಲುಗಳಿಲ್ಲ, ಗಟ್ಟಿ ಚಾವಣಿಯಿಲ್ಲ. ಮುಂದಿನ ಚಕ್ರಗಳು ಮೈಯಿಂದ ಹೊರಗೆ, ಅವುಗಳ ಮೇಲೆ ಸೈಕಲ್ಲಿಗೆ ಇರುವಂಥ ಮಡ್‌ಗಾರ್ಡು. ಆರಂಭದ ಸೆವೆನ್‌ಗಳಲ್ಲಿ ಇದ್ದದ್ದು ಫೋರ್ಡ್ ಕಂಪನಿಯ 1172 ಸಿಸಿ ಎಂಜಿನ್. ಶಕ್ತಿ 40 ಅಶ್ವಶಕ್ತಿ ಮಾತ್ರ. ಆದರೆ ಇಡೀ ಕಾರಿನ ತೂಕ ಸುಮಾರು 450 ಕಿಲೋಗ್ರಾಂ.

ಅದನ್ನು ಬಿಡಿಬಿಡಿಯಾಗಿ ಏಕೆ ಮಾರಿದರು? ಕಾರಣ ಎಂಜಿನಿಯರಿಂಗ್ ಅಲ್ಲ, ತೆರಿಗೆ. ಆಗ ಬ್ರಿಟನ್ನಿನಲ್ಲಿ ಪೂರ್ತಿ ಸಿದ್ಧವಾದ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡು ತಾನೇ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಭಾಗಗಳ ಜೊತೆಗೆ ಜೋಡಿಸುವ ವಿಧಾನದ ಪುಸ್ತಕ ಕೊಡಬಾರದು ಎಂಬ ನಿಬಂಧನೆಯೂ ಇತ್ತಂತೆ. ಅದಕ್ಕೆ ಲೋಟಸ್‌ನವರು ಕಾರನ್ನು ಬಿಚ್ಚುವ ವಿಧಾನವನ್ನು ಬರೆದುಕೊಟ್ಟರು, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರು ಎಂದು ಅಲ್ಲಿನ ಕಾರುಪ್ರಿಯರು ಈಗಲೂ ಹೇಳಿ ನಗುತ್ತಾರೆ. 1973ರ ಏಪ್ರಿಲ್‌ನಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂತು. ಕಿಟ್‌ಗಿದ್ದ ರಿಯಾಯಿತಿ ಹೋಯಿತು. ಆ ವರ್ಷವೇ ಸೆವೆನ್ ತಯಾರಿಸುವ ಹಕ್ಕನ್ನು ಲೋಟಸ್, ಗ್ರಹಾಂ ನಿಯರ್ನ್ ಎಂಬುವರ ಕೇಟರ್‌ಹ್ಯಾಮ್ ಸಂಸ್ಥೆಗೆ ಬಿಟ್ಟುಕೊಟ್ಟಿತು. ಕೇಟರ್‌ಹ್ಯಾಮ್ ಸೆವೆನ್ ಇಂದಿಗೂ ತಯಾರಾಗುತ್ತಿದೆ, ಇಂದಿಗೂ ಕಿಟ್ ರೂಪದಲ್ಲಿ ಸಿಗುತ್ತದೆ. ತೆರಿಗೆಯ ಲಾಭ ಹೋದರೂ ಕಟ್ಟುವವರು ಹೋಗಲಿಲ್ಲ ಎಂಬುದು ನನಗೆ ಈ ಕತೆಯಲ್ಲಿ ಬಹಳ ಹಿಡಿಸಿದ ಸಂಗತಿ.

ನಮ್ಮ ವೃತ್ತಿಗೆ ಸಂಬಂಧಿಸಿದ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1967ರಲ್ಲಿ ಬ್ರಿಟಿಷ್ ಟೆಲಿವಿಷನ್ನಿನಲ್ಲಿ ಆರಂಭವಾದ 'ದಿ ಪ್ರಿಸನರ್' ಧಾರಾವಾಹಿಯ ಶೀರ್ಷಿಕೆಯ ದೃಶ್ಯದಲ್ಲಿ ನಾಯಕ ಓಡಿಸುವುದು ಲೋಟಸ್ ಸೆವೆನ್ನನ್ನೇ. ಅದರ ನೋಂದಣಿ ಸಂಖ್ಯೆ ಕೆಎಆರ್ 120 ಸಿ. ಕೆಎ ಎಂದು ಶುರುವಾದರೂ ಅದು ನಮ್ಮ ಕರ್ನಾಟಕದ ಗಾಡಿಯಲ್ಲ!

ಹಗುರಾಗಿದ್ದರೆ ಏನು ಲಾಭ?

ಈಗ ಪೆನ್ಸಿಲ್ ಎತ್ತಿಕೊಳ್ಳಿ. ಎರಡು ಕಾರುಗಳಿವೆ ಎಂದುಕೊಳ್ಳೋಣ. ಎರಡಕ್ಕೂ 100 ಅಶ್ವಶಕ್ತಿಯ ಎಂಜಿನ್, ಅಂದರೆ ಸುಮಾರು 75,000 ವಾಟ್. ಒಂದು ಸಾಮಾನ್ಯ ಕುಟುಂಬದ ಕಾರು, ತೂಕ 1000 ಕಿಲೋಗ್ರಾಂ. ಇನ್ನೊಂದು ಮನೆಯಲ್ಲಿ ಕಟ್ಟಿದ ಸೆವೆನ್ ಬಗೆಯ ಕಾರು, 550 ಕಿಲೋಗ್ರಾಂ. ಚಾಲಕನಿಗೆ 70 ಕಿಲೋ ಸೇರಿಸಿ.

ಎರಡೂ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿವೆ. ಅಂದರೆ ಸೆಕೆಂಡಿಗೆ 20 ಮೀಟರ್. ಸಾಮರ್ಥ್ಯವೆಂದರೆ ಬಲ ಮತ್ತು ವೇಗದ ಗುಣಲಬ್ಧ ಎಂದು ನೀವು ಪಿ.ಯು.ಸಿ.ಯಲ್ಲಿ ಓದಿದ್ದೀರಿ. ಹಾಗಾದರೆ ಚಕ್ರಗಳಲ್ಲಿ ದೊರೆಯುವ ಬಲ 75,000 ಭಾಗಿಸು 20, ಅಂದರೆ 3,750 ನ್ಯೂಟನ್. ಗೇರುಗಳಲ್ಲಿ ಆಗುವ ನಷ್ಟವನ್ನೂ ಗಾಳಿಯ ತಡೆಯನ್ನೂ ಸದ್ಯಕ್ಕೆ ಬಿಡೋಣ. ಈ ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಕುಟುಂಬದ ಕಾರಿಗೆ ಸುಮಾರು 3.5, ಹಗುರ ಕಾರಿಗೆ ಸುಮಾರು 6 ಮೀಟರ್ ಪ್ರತಿ ಸೆಕೆಂಡಿನ ವರ್ಗಕ್ಕೆ. ಎಂಜಿನ್ ಅದೇ, ಪೆಟ್ರೋಲ್ ಅದೇ. ತೂಕ ಇಳಿಸಿದ್ದಷ್ಟೇ ವ್ಯತ್ಯಾಸ.

ಲಾಭ ಇಲ್ಲಿಗೇ ಮುಗಿಯಲಿಲ್ಲ. ನಿಲ್ಲಿಸುವಾಗ ಬ್ರೇಕುಗಳು ಹೀರಬೇಕಾದ ಚಲನ ಶಕ್ತಿಯೂ ದ್ರವ್ಯರಾಶಿಯ ಅನುಪಾತದಲ್ಲಿ ಕಡಿಮೆ. ತಿರುವಿನಲ್ಲಿ ಟೈರುಗಳು ಹೊರಬೇಕಾದ ಬಲವೂ ಕಡಿಮೆ. ದೊಡ್ಡ ಎಂಜಿನ್ ಹಾಕಿದರೆ ನೇರ ರಸ್ತೆಯಲ್ಲಿ ಮಾತ್ರ ಉಪಯೋಗ. ತೂಕ ಇಳಿಸಿದರೆ ಏರು, ಇಳಿಜಾರು, ತಿರುವು ಎಲ್ಲ ಕಡೆಯೂ ಉಪಯೋಗ. ಚಾಪ್ಮನ್ ಜೀವನವಿಡೀ ನಂಬಿದ್ದ ತತ್ವ ಇದೇ.

ಮುರಿಯದಂತೆ ಹಗುರ ಮಾಡುವುದು ಹೇಗೆ? ಇಲ್ಲಿ ಆತ ಓದಿದ ಸೇತುವೆಯ ಪಾಠ ಬಂತು. ನಾಲ್ಕು ಐಸ್‌ಕ್ರೀಮ್ ಕಡ್ಡಿಗಳನ್ನು ತೆಗೆದುಕೊಳ್ಳಿ. ತುದಿಗಳಲ್ಲಿ ಗುಂಡುಸೂಜಿ ಚುಚ್ಚಿ ಚೌಕ ಮಾಡಿ. ಒಂದು ಮೂಲೆಯನ್ನು ತಳ್ಳಿದರೆ ಚೌಕ ವಾಲಿ ಬೀಳುತ್ತದೆ. ಈಗ ಮೂರೇ ಕಡ್ಡಿಗಳ ತ್ರಿಕೋನ ಮಾಡಿ. ಎಷ್ಟು ತಳ್ಳಿದರೂ ಆಕಾರ ಬದಲಾಗುವುದಿಲ್ಲ, ಬದಲಾಗಬೇಕಾದರೆ ಕಡ್ಡಿಯೇ ಉದ್ದವಾಗಬೇಕು ಇಲ್ಲವೆ ಮುರಿಯಬೇಕು. ರೈಲ್ವೆ ಸೇತುವೆಯ ಉಕ್ಕಿನ ತೊಲೆಗಳಲ್ಲಿ, ಹೆಂಚಿನ ಮನೆಯ ಮಾಡಿನಲ್ಲಿ, ನಿಮ್ಮ ಸೈಕಲ್ಲಿನ ಫ್ರೇಮಿನಲ್ಲಿ ತ್ರಿಕೋನಗಳೇ ಏಕೆ ಇವೆ ಎಂಬುದು ಇದರಿಂದ ತಿಳಿಯುತ್ತದೆ. ಸೆವೆನ್ ಕಾರಿನ ಚಾಸಿಸ್ ಕೂಡ ತೆಳುವಾದ ಉಕ್ಕಿನ ಕೊಳವೆಗಳನ್ನು ಹೀಗೆ ತ್ರಿಕೋನಗಳಾಗಿ ಬೆಸೆದ ಪಂಜರ. ಅದರ ಮೇಲೆ ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಹೊಡೆದು ಕೂರಿಸುತ್ತಾರೆ. ಮೂತಿ ಮತ್ತು ಹಿಂದಿನ ಮಡ್‌ಗಾರ್ಡುಗಳು ಫೈಬರ್ ಗ್ಲಾಸಿನವು.

ಎಲ್ಲಕ್ಕಿಂತ ಅಗ್ಗದ ದಾರಿ

ಕಿಟ್ ಕೊಳ್ಳುವುದರಲ್ಲಿ ಎರಡು ಬಗೆ. ಒಂದರಲ್ಲಿ ಚಾಸಿಸ್ಸಿನಿಂದ ಹಿಡಿದು ಕೊನೆಯ ನಟ್ಟಿನವರೆಗೆ ಎಲ್ಲವೂ ಹೊಸದಾಗಿ ಪೆಟ್ಟಿಗೆಗಳಲ್ಲಿ ಬರುತ್ತದೆ. ಕೇಟರ್‌ಹ್ಯಾಮ್‌ನದು ಈ ಬಗೆ. ಅನುಭವವಿಲ್ಲದವರೂ ನೂರು ಗಂಟೆಗಳ ಆಸುಪಾಸಿನಲ್ಲಿ ಜೋಡಿಸಬಹುದು ಎಂದು ಕಂಪನಿಯ ಅಂದಾಜು. ವಾರಕ್ಕೆ ಒಂದು ಭಾನುವಾರ, ಐದು ಗಂಟೆ ಕೆಲಸ ಎಂದಿಟ್ಟುಕೊಂಡರೂ ಇಪ್ಪತ್ತು ವಾರ.

ಇನ್ನೊಂದು ಬಗೆಯಲ್ಲಿ ಗುಜರಿಗೆ ಹೋಗಬೇಕಾದ ಒಂದು ಹಳೆಯ ಕಾರನ್ನು ಕೊಂಡು, ಅದರಿಂದ ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್, ಸ್ಟೀರಿಂಗ್, ಬ್ರೇಕುಗಳನ್ನು ಬಿಚ್ಚಿ ಹೊಸ ಚಾಸಿಸ್ಸಿಗೆ ಕೂರಿಸುತ್ತಾರೆ. ಈ ಹಳೆಯ ಕಾರನ್ನು ದಾನಿ ಕಾರು ಎನ್ನುತ್ತಾರೆ. ಮೊದಲು ಹೆಚ್ಚಾಗಿ ದಾನಿಯಾಗುತ್ತಿದ್ದದ್ದು ಫೋರ್ಡ್ ಎಸ್ಕಾರ್ಟ್, ಅದೂ 1980ಕ್ಕಿಂತ ಹಿಂದಿನ ಮಾದರಿಗಳು. ಕಾರಣ ಸರಳ. ಅವುಗಳಲ್ಲಿ ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಸೆವೆನ್ನಿನ ಏರ್ಪಾಟೂ ಅದೇ. ಅವು ಅಪರೂಪವಾದ ಮೇಲೆ ಫೋರ್ಡ್ ಸಿಯೆರಾ, ಆಮೇಲೆ ಮಾಜ್ಡಾ ಎಂಎಕ್ಸ್ 5 ಕಾರುಗಳ ಸರದಿ ಬಂತು.

ಚಾಸಿಸ್ಸನ್ನೂ ಕೊಳ್ಳದೆ ತಾನೇ ಬೆಸುಗೆ ಹಾಕಿಕೊಳ್ಳುವವರೂ ಇದ್ದಾರೆ. ಇಂಗ್ಲೆಂಡಿನ ಔಂಡಲ್ ಶಾಲೆಯಲ್ಲಿ ಹುಡುಗರಿಗೆ ಇದನ್ನು ಕಲಿಸುತ್ತಿದ್ದ ರಾನ್ ಚಾಂಪಿಯನ್ ಎಂಬ ಮೇಷ್ಟ್ರು, ಕೇವಲ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆ ಎಂದು 1996ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಒಂದು ಅಂಗುಲದ ಚೌಕ ಉಕ್ಕಿನ ಕೊಳವೆಯನ್ನು ಎಲ್ಲಿ, ಎಷ್ಟು ಕೋನದಲ್ಲಿ ಕತ್ತರಿಸಬೇಕು ಎಂಬುದರಿಂದ ಆರಂಭ. ಹೀಗೆ ಕಟ್ಟಿದ ಕಾರುಗಳಿಗೆ ಲೋಕಾಸ್ಟ್ ಎಂಬ ಅಡ್ಡಹೆಸರು ಬಿತ್ತು. 'ಕಡಿಮೆ ಖರ್ಚು' ಎಂಬರ್ಥದ ಇಂಗ್ಲಿಷ್ ಮಾತುಗಳನ್ನು ಕೂಡಿಸಿ, ಲೋಟಸ್ ಎಂಬ ಹೆಸರನ್ನೂ ಕೆಣಕುವಂತೆ ಮಾಡಿದ ಪದ ಅದು. ಈಗ 250 ಪೌಂಡಿಗೆ ನಾಲ್ಕು ಒಳ್ಳೆಯ ಟೈರು ಬಂದರೆ ಹೆಚ್ಚು, ಆ ಮಾತು ಬೇರೆ.

ಮನೆಯವರೆಲ್ಲರಿಗೂ ಕೆಲಸ

ಒಬ್ಬನೇ ಕೂತು ಕಾರು ಕಟ್ಟಬಹುದೇ? ಬಹುಪಾಲು ಕಟ್ಟಬಹುದು. ಆದರೆ ಒಬ್ಬರಿಂದ ಆಗಲಾರದ ಅಥವಾ ಒಬ್ಬರೇ ಮಾಡಬಾರದ ಕೆಲವು ಕೆಲಸಗಳಿವೆ.

ಎಂಜಿನ್ ಇಳಿಸುವುದು ಮೊದಲನೆಯದು. ನೂರು ಕಿಲೋಗ್ರಾಂ ಮೀರಿದ ಎಂಜಿನ್ನು, ಅದರ ಹಿಂದೆ ಬಾಲದಂತೆ ಗೇರ್ ಬಾಕ್ಸು. ಎರಡನ್ನೂ ಕೂಡಿಸಿ, ಸರಪಳಿಯಲ್ಲಿ ತೂಗುಹಾಕಿ, ಓರೆಯಾಗಿ ಚಾಸಿಸ್ಸಿನ ಇಕ್ಕಟ್ಟಿನೊಳಗೆ ಇಳಿಸಬೇಕು. ಒಬ್ಬರು ಎತ್ತುಗದ ವಾಲ್ವನ್ನು ಕೂದಲೆಳೆಯಷ್ಟು ಸಡಿಲಿಸುತ್ತಾರೆ. ಇನ್ನೊಬ್ಬರು ಗೇರ್ ಬಾಕ್ಸಿನ ಬಾಲ ಹಿಡಿದು ದಾರಿ ತೋರಿಸುತ್ತಾರೆ. ಮೂರನೆಯವರ ಕೆಲಸ ಸುಮ್ಮನೆ ನೋಡುತ್ತ ನಿಂತು 'ತಡೆಯಿರಿ' ಎನ್ನುವುದು. ಈ ಮೂರನೆಯ ಕೆಲಸವನ್ನು ಹಗುರವಾಗಿ ಎಣಿಸಬೇಡಿ. ತೂಗುವ ಎಂಜಿನ್ನಿನ ಕೆಳಗೆ ಯಾರ ಕೈಕಾಲೂ ಹೋಗದಂತೆ ನೋಡಿಕೊಳ್ಳುವವರು ಅವರೇ. ಜಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ನುಸುಳಬಾರದು, ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿದ ಮೇಲೆಯೇ ನುಸುಳಬೇಕು ಎಂಬುದೂ ಇದೇ ಜಾತಿಯ ನಿಯಮ.

ವೈರಿಂಗ್ ಮಕ್ಕಳಿಗೆ ಒಳ್ಳೆಯ ಕೆಲಸ. ಕಾರಿನ ವಿದ್ಯುತ್ತು 12 ವೋಲ್ಟಿನದು, ಮುಟ್ಟಿದರೆ ಷಾಕ್ ಹೊಡೆಯುವುದಿಲ್ಲ. ಆದರೆ ಬ್ಯಾಟರಿಯ ಎರಡು ತುದಿ ನೇರವಾಗಿ ಕೂಡಿದರೆ ತಂತಿ ಕೆಂಪಗೆ ಕಾದು ಬೆಂಕಿ ಹತ್ತಬಹುದು, ಅದಕ್ಕೇ ಫ್ಯೂಸು. ಒಬ್ಬರು ಡ್ಯಾಷ್‌ಬೋರ್ಡಿನ ಸ್ವಿಚ್ಚು ಒತ್ತಿ, ಇನ್ನೊಬ್ಬರು ಹಿಂದೆ ನಿಂತು ಯಾವ ದೀಪ ಹತ್ತಿತೆಂದು ಕೂಗಬೇಕು. ಬಲಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಜೊತೆಗೆ ಮಿಣುಕುತ್ತದೆಯೆ? ಹಾಗಾದರೆ ತಪ್ಪಿರುವುದು ಸ್ವಿಚ್ಚಿನಲ್ಲಲ್ಲ, ಅರ್ತ್‌ನಲ್ಲಿ. ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಗೆ ಹಿಂದಿರುಗುವುದು ಉಕ್ಕಿನ ಮೈಯ ಮೂಲಕ. ಚಾಸಿಸ್ಸಿಗೆ ಹೊಸದಾಗಿ ಬಳಿದ ಬಣ್ಣ ವಿದ್ಯುತ್ ನಿರೋಧಕ. ಅರ್ತ್ ತಂತಿ ಕೂರಿಸುವ ಜಾಗದಲ್ಲಿ ಬಣ್ಣವನ್ನು ಕೆರೆದು ಲೋಹವನ್ನು ಕಾಣಿಸದಿದ್ದರೆ, ವಿದ್ಯುತ್ತು ಪಕ್ಕದ ದೀಪದೊಳಗಿಂದ ನುಸುಳಿ ದಾರಿ ಹುಡುಕಿಕೊಳ್ಳುತ್ತದೆ. ನಮ್ಮ ಸ್ಟುಡಿಯೋಗಳಲ್ಲೂ ಅರ್ಧ ತೊಂದರೆಗಳ ಮೂಲ ಎಲ್ಲೋ ಸಡಿಲವಾದ ಒಂದು ಅರ್ತ್ ತಂತಿಯೇ.

ಇನ್ನು ಬೋಲ್ಟು ಬಿಗಿಯುವುದು. ಎಷ್ಟು ಬಿಗಿದರೆ ಸಾಕು? 'ಕೈಗೆ ಗಟ್ಟಿ ಅನ್ನಿಸುವಷ್ಟು' ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ. ಬಿಗಿದ ಬೋಲ್ಟು ಅತಿ ಸೂಕ್ಷ್ಮವಾಗಿ ಹಿಗ್ಗುತ್ತದೆ, ಸ್ಪ್ರಿಂಗಿನಂತೆ ಎರಡೂ ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಕಡಿಮೆ ಬಿಗಿದರೆ ಅದುರಿ ಸಡಿಲವಾಗುತ್ತದೆ. ಹೆಚ್ಚು ಬಿಗಿದರೆ ಹಿಗ್ಗಿದ್ದು ಹಿಂದಿರುಗದೆ, ಮುಂದೊಂದು ದಿನ ತುಂಡಾಗುತ್ತದೆ. ಆದ್ದರಿಂದ ತಿರುಚುಬಲವನ್ನು ಅಳೆಯುವ ಟಾರ್ಕ್ ರೆಂಚ್ ಬಳಸುತ್ತಾರೆ. ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 180 ನ್ಯೂಟನ್ ಬಲ ಹಾಕಿದರೆ 90 ನ್ಯೂಟನ್ ಮೀಟರ್. ಒಳ್ಳೆಯ ಮನೆಗಳಲ್ಲಿ ಒಂದು ಪದ್ಧತಿಯಿದೆ. ಬಿಗಿದವರು ಒಬ್ಬರು, ಮತ್ತೆ ರೆಂಚ್ ಹಾಕಿ ಪರೀಕ್ಷಿಸಿ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆಯುವವರು ಇನ್ನೊಬ್ಬರು. ನಟ್ಟು ಕದಲಿದರೆ ಗೆರೆ ಮುರಿದು ಕಾಣುತ್ತದೆ. ಗೆರೆ ಎಳೆಯುವ ಅಧಿಕಾರ ಹನ್ನೆರಡು ವರ್ಷದ ಮಗಳದಾದರೆ ಅಪ್ಪನೂ ಅವಳ ಒಪ್ಪಿಗೆಗೆ ಕಾಯಬೇಕು. ವಿಮಾನಗಳ ದುರಸ್ತಿಯಲ್ಲೂ ಮಾಡಿದವರು ಬೇರೆ, ಪರೀಕ್ಷಿಸುವವರು ಬೇರೆ ಎಂಬ ನಿಯಮ ಇರುವುದು ಇದೇ ಕಾರಣಕ್ಕೆ.

ಒತ್ತು, ಹಿಡಿ, ಬಿಡು

ನಾನು ಹೆಚ್ಚು ಹೇಳಬೇಕೆಂದುಕೊಂಡದ್ದು ಬ್ರೇಕಿನ ಬಗ್ಗೆ. ಕಾರು ಓಡದಿದ್ದರೆ ನಾಲ್ಕು ಜನ ನಗುತ್ತಾರೆ. ನಿಲ್ಲದಿದ್ದರೆ? ಅದರ ಪಕ್ಕದ ಆಸನದಲ್ಲಿ ಕೂರುವವರು ಮನೆಯವರೇ ತಾನೆ.

ಪಾಸ್ಕಲ್ಲನ ನಿಯಮ ನಿಮಗೆ ಗೊತ್ತು. ಮುಚ್ಚಿದ ದ್ರವದ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ. ಬ್ರೇಕ್ ಪೆಡಲ್ಲನ್ನು 300 ನ್ಯೂಟನ್ ಬಲದಿಂದ, ಅಂದರೆ ಸುಮಾರು 30 ಕಿಲೋ ತೂಕದಷ್ಟು, ಒತ್ತಿದಿರಿ ಎನ್ನೋಣ. ಪೆಡಲ್ ಒಂದು ಸನ್ನೆ. ಅದು ಬಲವನ್ನು ಐದು ಪಟ್ಟು ಮಾಡುತ್ತದೆ ಎಂದಿಟ್ಟುಕೊಂಡರೆ 1,500 ನ್ಯೂಟನ್. ಈ ಬಲ 19 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಮೇಲೆ ಬೀಳುತ್ತದೆ. ಅದರ ವಿಸ್ತೀರ್ಣ 2.8 ಚದರ ಸೆಂಟಿಮೀಟರಿಗೆ ತುಸು ಹೆಚ್ಚು. ಲೆಕ್ಕ ಹಾಕಿ ನೋಡಿ, ದ್ರವದೊಳಗಿನ ಒತ್ತಡ ವಾತಾವರಣದ ಒತ್ತಡದ ಐವತ್ತು ಪಟ್ಟನ್ನು ಮೀರುತ್ತದೆ. ಇದು ಚಕ್ರದ ಬಳಿಯ 48 ಮಿಲಿಮೀಟರ್ ಪಿಸ್ಟನ್ನಿನ ಮೇಲೆ ಬಿದ್ದಾಗ ಅಲ್ಲಿ ಸುಮಾರು 9,500 ನ್ಯೂಟನ್ ಬಲ. ನಿಮ್ಮ ಕಾಲಿನ 30 ಕಿಲೋ ಒತ್ತು, ಡಿಸ್ಕಿನ ಬಳಿ ಒಂದು ಟನ್ನಿಗೆ ಸಮೀಪ ಬಂತು!

ಇದೆಲ್ಲ ಆಗುವುದು ಕೊಳವೆಗಳಲ್ಲಿ ಬರಿಯ ಬ್ರೇಕ್ ಆಯಿಲ್ ಇದ್ದರೆ ಮಾತ್ರ. ಹೊಸದಾಗಿ ಜೋಡಿಸಿದ ಕಾರಿನ ಕೊಳವೆಗಳಲ್ಲಿ ಇರುವುದು ಗಾಳಿ. ಆಯಿಲ್ ತುಂಬಿದರೂ ಅಲ್ಲಲ್ಲಿ ಗುಳ್ಳೆಗಳು ಉಳಿಯುತ್ತವೆ. ದ್ರವವನ್ನು ಹಿಸುಕಲಾಗದು, ಅನಿಲವನ್ನು ಹಿಸುಕಬಹುದು. ಬಾಯ್ಲ್‌ನ ನಿಯಮದಂತೆ ಒಂದು ಘನ ಸೆಂಟಿಮೀಟರಿನ ಗುಳ್ಳೆ ಐವತ್ತು ಪಟ್ಟು ಒತ್ತಡದಲ್ಲಿ ಐವತ್ತರಲ್ಲಿ ಒಂದು ಭಾಗಕ್ಕೆ ಕುಗ್ಗುತ್ತದೆ, ಅಂದರೆ ಇಲ್ಲವಾದಂತೆಯೇ. ಖಾಲಿಯಾದ ಆ ಒಂದು ಘನ ಸೆಂಟಿಮೀಟರನ್ನು ತುಂಬಲು ಪಿಸ್ಟನ್ 0.35 ಸೆಂಟಿಮೀಟರ್ ಮುಂದೆ ಸರಿಯಬೇಕು. ಪೆಡಲ್ ಅದರ ಐದು ಪಟ್ಟು, ಅಂದರೆ ಸುಮಾರು 1.7 ಸೆಂಟಿಮೀಟರ್ ಕೆಳಗಿಳಿಯಬೇಕು. ಕಡಲೆಕಾಳಿಗಿಂತ ತುಸು ದೊಡ್ಡದಾದ ಒಂದೇ ಗುಳ್ಳೆಯ ಕೆಲಸ ಇದು. ಅಂಥ ನಾಲ್ಕಿದ್ದರೆ ಪೆಡಲ್ ಏಳು ಸೆಂಟಿಮೀಟರ್ ವ್ಯರ್ಥವಾಗಿ ಇಳಿಯುತ್ತದೆ. ಬ್ರೇಕ್ ಹಿಡಿಯುವುದಕ್ಕೆ ಮೊದಲೇ ನೆಲ ಮುಟ್ಟಿರುತ್ತದೆ.

ಗುಳ್ಳೆಗಳನ್ನು ಹೊರಹಾಕಲು ಇಬ್ಬರು ಬೇಕು. ಒಬ್ಬರು ಚಾಲಕನ ಆಸನದಲ್ಲಿ, ಇನ್ನೊಬ್ಬರು ಚಕ್ರದ ಬಳಿ ನೆಲದಲ್ಲಿ. ಪ್ರತಿ ಚಕ್ರದ ಬ್ರೇಕಿನಲ್ಲಿ ಗಾಳಿ ಬಿಡುವ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದಕ್ಕೆ ಪಾರದರ್ಶಕ ಕೊಳವೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಆಯಿಲ್ ಇರುವ ಗಾಜಿನ ಸೀಸೆಯಲ್ಲಿ ಮುಳುಗಿಸುತ್ತಾರೆ. ಸಾಮಾನ್ಯವಾಗಿ ಪೆಡಲ್ಲಿಗೆ ಅತಿ ದೂರದ ಚಕ್ರದಿಂದ ಆರಂಭ. ನೆಲದಲ್ಲಿರುವವರು 'ಒತ್ತು' ಎನ್ನುತ್ತಾರೆ. ಪೆಡಲ್ ಒತ್ತಿದವರು 'ಒತ್ತಿದೆ' ಎನ್ನುತ್ತಾರೆ. ಸ್ಕ್ರೂ ತುಸು ಸಡಿಲಿಸಿದಾಗ ಗುಳ್ಳೆಗಳು ಬುಳುಬುಳು ಹೊರಬರುತ್ತವೆ, ಪೆಡಲ್ ಕೆಳಗೆ ಹೋಗುತ್ತದೆ. 'ಹಿಡಿ.' ಸ್ಕ್ರೂ ಬಿಗಿಯುತ್ತಾರೆ. ಆಮೇಲೆ ಮಾತ್ರ 'ಬಿಡು.' ಸ್ಕ್ರೂ ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ, ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಂಡು ಮಾಡಿದ ಕೆಲಸವೆಲ್ಲ ಹಾಳು. ಹಾಗಾಗಿ ಪೆಡಲ್ ಮೇಲಿರುವ ಮಗ ಎಷ್ಟೇ ಬೇಸರವಾದರೂ ಮಾತಿಗೆ ಕಾಯಬೇಕು, ನೆಲದಲ್ಲಿರುವ ಅಮ್ಮ ಪ್ರತಿ ಸಲವೂ ಮಾತು ಹೇಳಲೇಬೇಕು. ಮೇಲಿನ ಡಬ್ಬಿಯಲ್ಲಿ ಆಯಿಲ್ ಖಾಲಿಯಾಗದಂತೆ ನೋಡಿಕೊಳ್ಳಲು ಮೂರನೆಯವರಿದ್ದರೆ ಇನ್ನೂ ಒಳ್ಳೆಯದು. ಬ್ರೇಕ್ ಆಯಿಲ್ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ. ಅದು ಗಾಳಿಯ ತೇವವನ್ನು ಹೀರುವುದರಿಂದ ತೆರೆದಿಟ್ಟ ಹಳೆಯ ಡಬ್ಬಿಯದನ್ನು ಬಳಸಬಾರದು. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಕುದಿದರೆ ಮತ್ತೆ ಗುಳ್ಳೆ.

ಇದನ್ನು ಕಾರಿಲ್ಲದೆಯೂ ನೀವು ನೋಡಬಹುದು. ಔಷಧಿ ಅಂಗಡಿಯಿಂದ ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು ತನ್ನಿ, ಒಂದು 5 ಮಿಲಿಲೀಟರಿನದು, ಇನ್ನೊಂದು 20ರದು. ಎರಡನ್ನೂ ಪ್ಲಾಸ್ಟಿಕ್ ಕೊಳವೆಯಿಂದ ಕೂಡಿಸಿ, ನೀರಿನೊಳಗೆ ಮುಳುಗಿಸಿಯೇ ತುಂಬಿಸಿ. ಸಣ್ಣದನ್ನು ನೀವು ಒತ್ತಿ, ದೊಡ್ಡದನ್ನು ಗೆಳೆಯ ತಡೆದು ಹಿಡಿಯಲಿ. ಗೆಲ್ಲುವವರು ಯಾರು ನೋಡಿ. ಆಮೇಲೆ ಎರಡು ಮಿಲಿಲೀಟರ್ ಗಾಳಿ ಸೇರಿಸಿ ಮತ್ತೆ ಒತ್ತಿ. ಕೈಗೆ ಹತ್ತುವ ಆ ಮೆತ್ತಗಿನ ಅನುಭವವೇ ಮೆಕ್ಯಾನಿಕ್ಕುಗಳು ಹೇಳುವ 'ಸ್ಪಂಜ್ ಬ್ರೇಕು'.

ಸರ್ಕಾರದ ಪರೀಕ್ಷೆ

ಕಟ್ಟಿದ್ದಾಯಿತು. ಹಾಗೆಯೇ ರಸ್ತೆಗೆ ಇಳಿಸಬಹುದೆ? ಇಲ್ಲ. ಬ್ರಿಟನ್ನಿನಲ್ಲಿ ಇಂಥ ಕಾರುಗಳಿಗೆಂದೇ ಬಿಡಿ ವಾಹನದ ಪರೀಕ್ಷೆ 1998ರಲ್ಲಿ ಜಾರಿಗೆ ಬಂತು. 2009ರಿಂದ ಅದರ ಜಾಗದಲ್ಲಿ ಇನ್ನಷ್ಟು ಬಿಗಿಯಾದ ಪರೀಕ್ಷೆ ಇದೆ. ಬ್ರೇಕು, ದೀಪದ ಕೋನ, ಹೊಗೆ, ಸದ್ದು, ಸೀಟ್ ಬೆಲ್ಟ್ ಕಟ್ಟುವ ಜಾಗದ ಬಲ, ಸ್ಪೀಡೋಮೀಟರಿನ ನಿಖರತೆ, ಎಲ್ಲವನ್ನೂ ನೋಡುತ್ತಾರೆ. ತಿರುಗಿಸಿ ಬಿಟ್ಟ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಬೇಕು. ಮೈಯ ಹೊರಭಾಗದಲ್ಲಿ ಪಾದಚಾರಿಗೆ ತಗಲಬಹುದಾದ ಅಂಚು ಚೂಪಾಗಿರಬಾರದು, ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟಾದರೂ ದುಂಡಗಿರಬೇಕು. ಹವ್ಯಾಸಿಯೇ ಕಟ್ಟಿದ್ದೆಂದು ತೋರಿಸಲು ಕೆಲಸದ ಹಂತಹಂತದ ಫೋಟೋಗಳು, ಕೊಂಡ ಸಾಮಾನುಗಳ ರಸೀದಿಗಳು ಬೇಕು. ಮನೆಯಲ್ಲಿ ಒಬ್ಬರು ಕ್ಯಾಮೆರಾ ಹಿಡಿಯುವವರು, ಒಬ್ಬರು ಲೆಕ್ಕ ಇಡುವವರು ಇರಬೇಕಾದದ್ದು ಇದಕ್ಕೇ. ಒಂದೇ ಸಲಕ್ಕೆ ಪಾಸಾಗದೆ, ಒಂದು ಅಂಚಿಗೆ ರಬ್ಬರ್ ಪಟ್ಟಿ ಹಾಕಿಸಿಕೊಂಡು ಮರಳಿ ಬರುವವರು ಬಹಳ.

ಇಷ್ಟಾದರೂ ಒಂದು ಮಾತನ್ನು ಮುಚ್ಚಿಡಬಾರದು. ಇಂಥ ಹಗುರ ಕಾರಿನಲ್ಲಿ ಸಾಮಾನ್ಯವಾಗಿ ಏರ್ ಬ್ಯಾಗ್ ಇರುವುದಿಲ್ಲ. ಲಾರಿಯೊಂದಿಗೆ ಡಿಕ್ಕಿಯಾದರೆ ಭೌತಶಾಸ್ತ್ರದ ನಿಯಮಗಳು ಹಗುರದವನ ಪರವಾಗಿಲ್ಲ. ಉತ್ಸಾಹದಲ್ಲಿ ಕೊಂಡು, ಅರ್ಧಕ್ಕೆ ನಿಲ್ಲಿಸಿ, ಕೊನೆಗೆ ಮಾರಿದ ಕಿಟ್‌ಗಳೂ ಕಡಿಮೆಯಿಲ್ಲ. ಮನೆಯವರ ಮಾತು ಕೇಳದೆ ಆರಂಭಿಸಿದ ಕಾರು ಮುಗಿಯುವುದು ಕಷ್ಟ ಎಂದು ನನ್ನ ಅನಿಸಿಕೆ.

ನಮ್ಮಲ್ಲಿ?

'ಹಾಗಾದರೆ ನಾವೂ ಒಂದು ಕಟ್ಟೋಣ' ಎಂದು ನಿಮ್ಮಲ್ಲಿ ಕೆಲವರು ಆಗಲೇ ಎದ್ದು ನಿಂತಿರಬಹುದು. ಸ್ವಲ್ಪ ತಡೆಯಿರಿ. ನಮ್ಮ ದೇಶದಲ್ಲಿ ಮನೆಯಲ್ಲಿ ಕಟ್ಟಿದ ಒಂಟಿ ಕಾರಿಗೆ ಬ್ರಿಟನ್ನಿನಂಥ ಸುಲಭದ ದಾರಿಯಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ತಯಾರಕರು ತಮ್ಮ ವಾಹನದ ಮೂಲಮಾದರಿಯನ್ನು ಪುಣೆಯ ಎ.ಆರ್.ಎ.ಐ.ನಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಬೇಕು. ಸಾವಿರಾರು ಕಾರು ಮಾಡುವ ಕಂಪನಿಗೆ ಈ ಖರ್ಚು ಹೊರೆಯಲ್ಲ, ಒಂದೇ ಕಾರು ಕಟ್ಟುವ ಮನೆಗೆ ಅದು ಕಾರಿನ ಬೆಲೆಯನ್ನೂ ಮೀರೀತು. ಇದ್ದ ಕಾರನ್ನೇ ಬಿಚ್ಚಿ ಬದಲಾಯಿಸೋಣವೆಂದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡ ಬರುತ್ತದೆ. ತಯಾರಕರು ನಮೂದಿಸಿದ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ ಅದು. ಕಾಯಿದೆ ಬಿಗಿಯಾಯಿತು ಎಂದು ಗೊಣಗುವವರಿದ್ದಾರೆ. ನಮ್ಮ ರಸ್ತೆಗಳನ್ನು ನೋಡಿದರೆ ನನಗೆ ಪೂರ್ತಿ ಗೊಣಗಲು ಮನಸ್ಸು ಬರುವುದಿಲ್ಲ. ಆದರೂ ಹವ್ಯಾಸಿಗೆಂದು ಒಂದು ಕಿರಿದಾದ ಬಾಗಿಲು, ಗಟ್ಟಿ ಪರೀಕ್ಷೆಯೊಂದಿಗೆ, ಇದ್ದಿದ್ದರೆ ಚೆನ್ನಾಗಿತ್ತು.

ಸಾರ್ವಜನಿಕ ರಸ್ತೆ ಬಿಟ್ಟರೆ ದಾರಿಯಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ 2007ರಿಂದ ಬಾಹಾ ಎಸ್.ಎ.ಇ. ಇಂಡಿಯಾ ಎಂಬ ಸ್ಪರ್ಧೆ ನಡೆಯುತ್ತಿದೆ. ಅದರ ಮೊದಲ ನೆಲೆ ಇಂದೋರಿನ ಸಮೀಪದ ಪೀಥಂಪುರ. ಕಲ್ಲುಮಣ್ಣಿನ ದಾರಿಯಲ್ಲಿ ಓಡುವ ಒಂಟಿ ಆಸನದ ಗಾಡಿಯನ್ನು ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ಬೆಸುಗೆ ಹಾಕಿ, ಜೋಡಿಸಿ ತರಬೇಕು. 2011ರಲ್ಲಿ ಸೂಪ್ರಾ ಎಂಬ ಇನ್ನೊಂದು ಸ್ಪರ್ಧೆ ಬಂತು, ಅದು ರೇಸಿನ ಪುಟ್ಟ ಕಾರುಗಳದು. ಕರ್ನಾಟಕದ ಕಾಲೇಜುಗಳ ತಂಡಗಳೂ ಈ ಸ್ಪರ್ಧೆಗಳಿಗೆ ಹೋಗಿಬಂದಿವೆ. ಅಲ್ಲಿಯೂ ಉಕ್ಕಿನ ಕೊಳವೆಯ ತ್ರಿಕೋನಗಳೇ, ಅಲ್ಲಿಯೂ ಬಣ್ಣದ ಗೆರೆ ಎಳೆದ ನಟ್ಟುಗಳೇ.

ಗಾಡಿ ಎಷ್ಟೇ ಚೆಂದವಿರಲಿ, ಓಟಕ್ಕೆ ಮೊದಲು ಅದು ಬ್ರೇಕಿನ ಪರೀಕ್ಷೆಗೆ ನಿಲ್ಲಬೇಕು. ವೇಗವಾಗಿ ಬಂದು ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರಗಳು ಒಟ್ಟಿಗೆ ಹಿಡಿದು ನಿಲ್ಲಬೇಕು. ಮೂರು ನಿಂತು ಒಂದು ಉರುಳಿದರೂ ಗಾಡಿಗೆ ಪ್ರವೇಶವಿಲ್ಲ. ಆಗ ತಂಡದ ಒಬ್ಬ ಹುಡುಗ ಪೆಡಲ್ ಮೇಲೆ ಕೂರುತ್ತಾನೆ, ಒಬ್ಬಳು ಹುಡುಗಿ ಕೊಳವೆ, ಸೀಸೆ ಹಿಡಿದು ಚಕ್ರದ ಬಳಿ ಕೂರುತ್ತಾಳೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ: ಒತ್ತು, ಹಿಡಿ, ಬಿಡು.